ಪ್ರೋಬಯಾಟಿಕ್ ಬ್ಯಾಕ್ಟೀರಿಯಾ: ಕರುಳಿನಲ್ಲಿ ಉಳಿವು ಮತ್ತು ಕಾರ್ಯ

ಪ್ರೋಬಯಾಟಿಕ್: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಕರೆದ ತಜ್ಞರ ಸಭೆ 2001ರಲ್ಲಿ ಅರ್ಜೆಂಟೀನಾದ ಕಾರ್ಡೊಬಾದಲ್ಲಿ ಈ ಅರ್ಥವನ್ನು ಗೊತ್ತುಮಾಡಿತು. ಇದರಲ್ಲಿ ಮೂರು ಷರತ್ತುಗಳು ಅಡಗಿವೆ. ಸೂಕ್ಷ್ಮಾಣು ಜೀವಂತವಾಗಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಅದರಿಂದ ಆಗುವ ಒಳಿತು ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಕಂಡಿರಬೇಕು. ಮೂರನೆಯ ಷರತ್ತನ್ನು ಪೂರೈಸುವುದು ಬಲು ಕಷ್ಟ. ಅಂಗಡಿಯಲ್ಲಿ ಈ ಹೆಸರು ಹೊತ್ತು ಮಾರಾಟವಾಗುವ ಅನೇಕ ವಸ್ತುಗಳು ಅಲ್ಲಿಯೇ ಎಡವುತ್ತವೆ.

ಈ ಗುಂಪಿನಲ್ಲಿ ಹೆಚ್ಚಾಗಿ ಕಾಣಿಸುವವು ಹಾಲನ್ನು ಹುಳಿಯಾಗಿಸುವ ಲ್ಯಾಕ್ಟೋಬ್ಯಾಸಿಲಸ್ ಬಳಗದವು ಮತ್ತು ಎದೆಹಾಲು ಕುಡಿಯುವ ಶಿಶುಗಳ ಕರುಳಿನಲ್ಲಿ ತುಂಬಿರುವ ಬಿಫಿಡೊಬ್ಯಾಕ್ಟೀರಿಯಾ. ಜೊತೆಗೆ ಬೀಜಕ ಕಟ್ಟುವ ಬ್ಯಾಸಿಲಸ್ ಜಾತಿಯ ಕೆಲವು, ರೋಗ ತರದ ಒಂದು ಇ. ಕೋಲಿ ತಳಿ, ಬ್ಯಾಕ್ಟೀರಿಯಾವೇ ಅಲ್ಲದ ಒಂದು ಯೀಸ್ಟ್ ಕೂಡ ಸೇರಿವೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಹಳೆಯ ಕುಲವನ್ನು 2020ರಲ್ಲಿ 25 ಕುಲಗಳಾಗಿ ಒಡೆಯಲಾಯಿತು. ಹಾಗಾಗಿ ಹಳೆಯ ಪುಸ್ತಕದ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟರಮ್. ಬಾಯಿಗೆ ಕಷ್ಟವಾದರೂ ಈ ಬದಲಾವಣೆ ಅಗತ್ಯವಾಗಿತ್ತು. ಒಂದೇ ಹೆಸರಿನಡಿ ಕೂಡಿಹಾಕಿದ್ದ ಜೀವಿಗಳು ಒಂದಕ್ಕೊಂದು ಬಹುದೂರದ ಸಂಬಂಧಿಗಳಾಗಿದ್ದವು.

ಪರಿಕಲ್ಪನೆಯ ಹುಟ್ಟು

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಹೆನ್ರಿ ಟಿಸಿಯೆ 19ನೆಯ ಶತಮಾನದ ಕೊನೆಯಲ್ಲಿ, ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಬ್ಯಾಕ್ಟೀರಿಯಾವನ್ನು ಕಂಡ. ಅದೇ ಬಿಫಿಡೊಬ್ಯಾಕ್ಟೀರಿಯಾ. 1905ರಲ್ಲಿ ಬಲ್ಗೇರಿಯಾದ ವೈದ್ಯ ಸ್ಟಾಮೆನ್ ಗ್ರಿಗೊರೊವ್ ಜಿನೀವಾದಲ್ಲಿ ಓದುತ್ತಿದ್ದಾಗ ತನ್ನ ನಾಡಿನ ಮೊಸರಿನಿಂದ ಒಂದು ಕೋಲಿನಾಕಾರದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಈ ಎಳೆಗಳನ್ನು ಸೇರಿಸಿ ಒಂದು ಸಿದ್ಧಾಂತ ಕಟ್ಟಿದವನು ಎಲಿ ಮೆಚ್ನಿಕಾಫ್. ರೋಗನಿರೋಧಕ ಕೋಶಗಳ ಸಂಶೋಧನೆಗಾಗಿ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡ ಈತ, ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಹುಟ್ಟಿಸುವ ವಿಷವೇ ಮುಪ್ಪಿಗೆ ಒಂದು ಕಾರಣ, ಹುಳಿಹಾಲಿನ ಬ್ಯಾಕ್ಟೀರಿಯಾ ಅದನ್ನು ತಡೆಯಬಲ್ಲದು ಎಂದು ವಾದಿಸಿದ. ಯುರೋಪಿನ ಪಟ್ಟಣಗಳಲ್ಲಿ ಬಲ್ಗೇರಿಯಾದ ಹುಳಿಹಾಲಿಗೆ ಬೇಡಿಕೆ ಕುದುರಿತು.

ಆ ಬ್ಯಾಕ್ಟೀರಿಯಾ ದೊಡ್ಡ ಕರುಳನ್ನು ಜೀವಸಹಿತ ತಲುಪುತ್ತದೆಯೇ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊ ರೆಟ್ಗರ್ ಮತ್ತು ಅವನ ಸಂಗಡಿಗರು. ಬಲ್ಗೇರಿಯಾದ ತಳಿ ಮನುಷ್ಯನ ಕರುಳಿನಲ್ಲಿ ನಿಲ್ಲುವುದಿಲ್ಲ, ಕರುಳಿನಿಂದಲೇ ಬಂದ ಅಸಿಡೊಫಿಲಸ್ ಎಂಬ ಬ್ಯಾಕ್ಟೀರಿಯಾ ನಿಲ್ಲಬಲ್ಲದು ಎಂಬುದನ್ನು 1920ರ ದಶಕದ ಆರಂಭದಲ್ಲಿ ಅವರು ತೋರಿಸಿದರು. ಮೆಚ್ನಿಕಾಫನ ವಾದಕ್ಕೆ ಇದು ದೊಡ್ಡ ಪೆಟ್ಟು. ಅಂದಿನಿಂದ ಈ ಕ್ಷೇತ್ರದ ಸಂಶೋಧಕರೆಲ್ಲ ಮೊದಲು ಕೇಳಿಕೊಳ್ಳುವುದು ಉಳಿವಿನ ಪ್ರಶ್ನೆಯನ್ನೇ. ಉಳಿಯದೆಯೂ ಕೆಲಸ ಮಾಡಬಹುದು ಎಂಬ ಅರಿವು ಬರಲು ಇನ್ನೂ ಆರು ದಶಕ ಬೇಕಾಯಿತು. ಆ ಕಥೆ ಮುಂದೆ ಬರುತ್ತದೆ.

ಇದೇ ಕಾಲದಲ್ಲಿ ಬೇರೆ ಕಡೆಗಳಲ್ಲೂ ತಳಿಗಳು ಸಿಕ್ಕವು. ಮೊದಲ ಮಹಾಯುದ್ಧದಲ್ಲಿ ಜೊತೆಗಾರರೆಲ್ಲ ಆಮಶಂಕೆಯಿಂದ ನರಳುತ್ತಿದ್ದಾಗ ಆರೋಗ್ಯವಾಗಿಯೇ ಉಳಿದ ಒಬ್ಬ ಸೈನಿಕನ ಮಲದಿಂದ ಜರ್ಮನಿಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಒಂದು ಇ. ಕೋಲಿ ತಳಿಯನ್ನು ಬೇರ್ಪಡಿಸಿದ. ಫ್ರಾನ್ಸಿನ ಹೆನ್ರಿ ಬುಲಾರ್ 1920ರ ದಶಕದಲ್ಲಿ ಇಂಡೋಚೈನಾದಲ್ಲಿ, ಕಾಲರಾ ಹಬ್ಬಿದಾಗ ಸ್ಥಳೀಯರು ಲಿಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ಗಮನಿಸಿ ಆ ಹಣ್ಣುಗಳಿಂದ ಯೀಸ್ಟ್ ಒಂದನ್ನು ಪಡೆದ. ಭೇದಿಗೆ ಇಂದೂ ಕೊಡುವ ಸ್ಯಾಕರೊಮೈಸಿಸ್ ಬುಲಾರ್ಡಿ ಅದೇ. 1930ರಲ್ಲಿ ಜಪಾನಿನ ಕ್ಯೋಟೊದಲ್ಲಿ ಮಿನೊರು ಶಿರೋಟ ಆಮ್ಲ ಮತ್ತು ಪಿತ್ತರಸಗಳನ್ನು ತಾಳಿಕೊಳ್ಳುವ ತಳಿಯನ್ನು ಉದ್ದೇಶಪೂರ್ವಕವಾಗಿ ಆರಿಸಿ ಬೆಳೆಸಿದ. ಐದು ವರ್ಷಗಳ ನಂತರ ಅದು ಯಾಕುಲ್ಟ್ ಎಂಬ ಪುಟ್ಟ ಬಾಟಲಿಯಲ್ಲಿ ಮಾರುಕಟ್ಟೆಗೆ ಬಂತು.

ಬಾಯಿಗೆ ಬರುವ ಮೊದಲು

ಪ್ರೋಬಯಾಟಿಕ್ ಬ್ಯಾಕ್ಟೀರಿಯಾದ ಸಾವು ಜಠರದಲ್ಲಿ ಶುರುವಾಗುವುದಿಲ್ಲ, ಕಾರ್ಖಾನೆಯಲ್ಲೇ ಶುರುವಾಗುತ್ತದೆ. ಪುಡಿ ಮಾಡಲು ಅದನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರನ್ನು ಆವಿಯಾಗಿಸಿ ಒಣಗಿಸಬೇಕು. ನೀರು ಹೊರಟಂತೆ ಕೋಶಪೊರೆ ಸುಕ್ಕುಗಟ್ಟಿ ಬಿರುಕು ಬಿಡುತ್ತದೆ. ಕೆನೆ ತೆಗೆದ ಹಾಲಿನ ಪುಡಿ, ಟ್ರೆಹಲೋಸ್ ಎಂಬ ಸಕ್ಕರೆ ಮುಂತಾದವನ್ನು ಬೆರೆಸಿದರೆ ಅವು ನೀರಿನ ಜಾಗದಲ್ಲಿ ನಿಂತು ಪೊರೆಯನ್ನು ಹಿಡಿದಿಡುತ್ತವೆ. ಆಮೇಲೆ ತೇವ, ಬಿಸಿ, ಆಮ್ಲಜನಕ ಈ ಮೂರೂ ಶತ್ರುಗಳೇ. ಬಿಫಿಡೊಬ್ಯಾಕ್ಟೀರಿಯಾಕ್ಕಂತೂ ಗಾಳಿಯೇ ವಿಷ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವ್ಯಾನಿನಲ್ಲಿ ಕೆಲವು ಗಂಟೆ ಕಳೆದ ಪೆಟ್ಟಿಗೆಯೊಳಗೆ ಎಷ್ಟು ಜೀವ ಉಳಿದಿದೆ ಎಂಬುದನ್ನು ಚೀಟಿ ಹೇಳುವುದಿಲ್ಲ. ತಯಾರಿಸಿದ ದಿನದ ಸಂಖ್ಯೆಗಿಂತ ಬಳಕೆಯ ಕೊನೆಯ ದಿನಾಂಕದವರೆಗೆ ಉಳಿಯುವ ಸಂಖ್ಯೆಯನ್ನು ನಮೂದಿಸಿದ ಚೀಟಿ ಹೆಚ್ಚು ನಂಬಿಕೆಗೆ ಅರ್ಹ.

ಜಠರದ ಆಮ್ಲ

ಹಸಿದ ಹೊಟ್ಟೆಯ ಜಠರರಸದ ಪಿಹೆಚ್ 1.5ರಿಂದ 2ರ ಆಸುಪಾಸಿನಲ್ಲಿರುತ್ತದೆ. ಊಟವಾದ ಮೇಲೆ ಅದು ಕೆಲಹೊತ್ತು 4ಕ್ಕೋ 5ಕ್ಕೋ ಏರುತ್ತದೆ. ಪಿಹೆಚ್ ಅಳತೆಯಲ್ಲಿ ಒಂದೊಂದು ಅಂಕೆಗೂ ಹತ್ತು ಪಟ್ಟಿನ ವ್ಯತ್ಯಾಸ. 2ಕ್ಕೂ 4ಕ್ಕೂ ನಡುವೆ ಆಮ್ಲದ ಪ್ರಖರತೆ ನೂರು ಪಟ್ಟು ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾದ ಪಾಲಿಗೆ ಇದು ಸಾವು ಬದುಕಿನ ಅಂತರ.

ಆಮ್ಲ ಕೊಲ್ಲುವುದು ಹೀಗೆ: ಹೊರಗಿನ ಹೈಡ್ರೋಜನ್ ಅಯಾನುಗಳು ಕೋಶಪೊರೆಯನ್ನು ದಾಟಿ ಒಳನುಗ್ಗುತ್ತವೆ, ಒಳಗಿನ ದ್ರವ ಹುಳಿಯಾಗುತ್ತದೆ, ಕಿಣ್ವಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ, ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಇದಕ್ಕೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಮುಖ್ಯ ಉತ್ತರ ಪೊರೆಯಲ್ಲಿ ನೆಟ್ಟಿರುವ ಒಂದು ಪಂಪು. ದೋಣಿಗೆ ತುಂಬಿಕೊಂಡ ನೀರನ್ನು ಮೊಗೆದು ಹೊರಚೆಲ್ಲುವಂತೆ ಅದು ಹೈಡ್ರೋಜನ್ ಅಯಾನುಗಳನ್ನು ಹೊರದೂಡುತ್ತಲೇ ಇರುತ್ತದೆ. ಈ ಕೆಲಸಕ್ಕೆ ಶಕ್ತಿ ಬೇಕು, ಶಕ್ತಿಗೆ ಸಕ್ಕರೆ ಬೇಕು. ಐರ್ಲೆಂಡಿನ ಸಂಶೋಧಕರು 2005ರಲ್ಲಿ ಇದನ್ನು ಚೊಕ್ಕವಾಗಿ ತೋರಿಸಿದರು. ಪಿಹೆಚ್ 2ರ ಕೃತಕ ಜಠರರಸದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬಳಗದ ರ‍್ಯಾಮ್ನೋಸಸ್ ಜಿಜಿ ತಳಿಯನ್ನು ಬಿಟ್ಟಾಗ ಅದು ಬೇಗನೆ ಸತ್ತಿತು. ಅದೇ ರಸಕ್ಕೆ ಒಂದಿಷ್ಟು ಗ್ಲೂಕೋಸ್ ಬೆರೆಸಿದಾಗ ಬದುಕುಳಿದವುಗಳ ಸಂಖ್ಯೆ ಹತ್ತು ಲಕ್ಷ ಪಟ್ಟಿನವರೆಗೂ ಹೆಚ್ಚಿತು. ಕೆಲವು ತಳಿಗಳಿಗೆ ಇನ್ನೂ ಬೇರೆ ಉಪಾಯಗಳಿವೆ. ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಒಡೆಯುವಾಗ ಒಂದು ಹೈಡ್ರೋಜನ್ ಅಯಾನು ಖರ್ಚಾಗುತ್ತದೆ. ಅರ್ಜಿನೈನ್ ಒಡೆದರೆ ಅಮೋನಿಯಾ ಹುಟ್ಟಿ ಹುಳಿಯನ್ನು ಕಡಿಮೆ ಮಾಡುತ್ತದೆ. ಮಡಿಕೆ ಕಳೆದುಕೊಂಡ ಪ್ರೊಟೀನುಗಳನ್ನು ಮತ್ತೆ ಸರಿಪಡಿಸಲು ಸಹಾಯಕ ಪ್ರೊಟೀನುಗಳು ಓಡಾಡುತ್ತವೆ. ಸ್ವಲ್ಪ ಹುಳಿಯನ್ನು ಮೊದಲೇ ಉಂಡ ಬ್ಯಾಕ್ಟೀರಿಯಾ ಮುಂದಿನ ಕಡುಹುಳಿಯನ್ನು ಚೆನ್ನಾಗಿ ತಾಳುವುದು ಇದರಿಂದಲೇ.

ಹಾಗಾದರೆ ಊಟಕ್ಕೆ ಮೊದಲೋ, ಆಮೇಲೋ? ಕೃತಕ ಜೀರ್ಣಾಂಗದ ಮಾದರಿಯೊಂದರಲ್ಲಿ 2011ರಲ್ಲಿ ನಡೆದ ಪರೀಕ್ಷೆಯ ಪ್ರಕಾರ ಊಟದ ಜೊತೆಗೆ ಇಲ್ಲವೇ ಅರ್ಧ ಗಂಟೆ ಮೊದಲು ಕೊಟ್ಟಾಗ ಹೆಚ್ಚು ಬ್ಯಾಕ್ಟೀರಿಯಾ ಉಳಿದವು. ಊಟವಾದ ಅರ್ಧ ಗಂಟೆಯ ನಂತರ ಕೊಟ್ಟಾಗ ಕಡಿಮೆ. ಸ್ವಲ್ಪ ಕೊಬ್ಬಿರುವ ಹಾಲು ಅಥವಾ ಗಂಜಿಯ ಜೊತೆ ಕೊಟ್ಟದ್ದು ನೀರಿನ ಜೊತೆ ಕೊಟ್ಟದ್ದಕ್ಕಿಂತ ಮೇಲಾಯಿತು. ಯೀಸ್ಟಿಗೆ ಈ ಹೊತ್ತುಗೊತ್ತಿನ ತೊಂದರೆ ಕಾಣಲಿಲ್ಲ. ಬೀಜಕದ ರೂಪದಲ್ಲಿ ಒಳಹೋಗುವ ಬ್ಯಾಸಿಲಸ್‌ಗಳಿಗೂ ಆಮ್ಲದ ಭಯ ಅಷ್ಟಿಲ್ಲ. ನಮ್ಮ ಔಷಧದಂಗಡಿಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಬುರುಡೆಯಲ್ಲಿ ದ್ರವವಾಗಿ ಸಿಗುವ ಬ್ಯಾಸಿಲಸ್ ಕ್ಲಾಸಿ ಫ್ರಿಜ್ ಇಲ್ಲದೆಯೂ ಉಳಿಯುವುದಕ್ಕೆ ಗಟ್ಟಿ ಚಿಪ್ಪಿನ ಆ ಬೀಜಕವೇ ಕಾರಣ.

ಪಿತ್ತರಸದ ಸಾಬೂನು

ಜಠರವನ್ನು ದಾಟಿದರೆ ಮುಗಿಯಲಿಲ್ಲ. ಸಣ್ಣ ಕರುಳಿನ ಮೊದಲ ಗೇಣಿನಲ್ಲೇ ಪಿತ್ತರಸ ಸುರಿಯುತ್ತದೆ. ನಮ್ಮ ಊಟದ ಎಣ್ಣೆ ತುಪ್ಪಗಳನ್ನು ಸಣ್ಣ ಹನಿಗಳಾಗಿ ಒಡೆಯುವ ಪಿತ್ತಲವಣಗಳು ಸಾಬೂನಿನಂತೆ ವರ್ತಿಸುತ್ತವೆ. ಬ್ಯಾಕ್ಟೀರಿಯಾದ ಪೊರೆಯೂ ಕೊಬ್ಬಿನದೇ ಆದ್ದರಿಂದ ಅದೂ ಕರಗತೊಡಗುತ್ತದೆ. ಕರುಳಿನಲ್ಲಿ ಬಾಳಿ ಅಭ್ಯಾಸವಿರುವ ತಳಿಗಳು ಪಿತ್ತಲವಣವನ್ನು ಹೊರಗೆ ತಳ್ಳುವ ಪಂಪುಗಳನ್ನೂ, ಮೈಮೇಲೆ ಸಕ್ಕರೆಯ ಅಂಟು ಹೊದಿಕೆಯನ್ನೂ ಹೊಂದಿರುತ್ತವೆ. ಜೊತೆಗೆ ಪಿತ್ತಲವಣದ ಬಾಲದಲ್ಲಿರುವ ಗ್ಲೈಸಿನ್ ಅಥವಾ ಟಾರಿನ್ ತುಂಡನ್ನು ಕತ್ತರಿಸಿಹಾಕುವ ಕಿಣ್ವವೊಂದಿರುತ್ತದೆ. ಹೀಗೆ ಕತ್ತರಿಸಿದ ಪಿತ್ತಾಮ್ಲ ಮತ್ತೆ ರಕ್ತಕ್ಕೆ ಹೀರಲ್ಪಡುವುದು ಕಡಿಮೆಯಾದಾಗ, ಯಕೃತ್ತು ಹೊಸ ಪಿತ್ತಾಮ್ಲ ತಯಾರಿಸಲು ಕೊಲೆಸ್ಟರಾಲನ್ನು ಬಳಸಬೇಕಾಗುತ್ತದೆ. ತನ್ನ ಜೀವ ಉಳಿಸಿಕೊಳ್ಳಲು ಬ್ಯಾಕ್ಟೀರಿಯಾ ಮಾಡುವ ಕೆಲಸ ಹೀಗೆ ಮನುಷ್ಯನ ರಕ್ತದ ಕೊಬ್ಬಿನ ಲೆಕ್ಕಕ್ಕೂ ತಾಗುತ್ತದೆ.

ಎಷ್ಟು ಉಳಿಯುತ್ತವೆ? ಫ್ರಾನ್ಸಿನಲ್ಲಿ ಸ್ವಯಂಸೇವಕರ ಸಣ್ಣ ಕರುಳಿನ ತುದಿಯವರೆಗೆ ಕೊಳವೆ ಇಳಿಸಿ ಅಳೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಪ್ಲಾಂಟರಮ್‌ನ ಒಂದು ತಳಿ ನೂರಕ್ಕೆ 7ರಷ್ಟು ಜೀವಂತವಾಗಿ ಅಲ್ಲಿಗೆ ತಲುಪಿತ್ತು. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನದು ನೂರಕ್ಕೆ 1, ಫರ್ಮೆಂಟಮ್‌ನದು ಅರ್ಧ. ಒಂದೇ ದಾರಿ, ಒಂದೇ ಪರೀಕ್ಷೆ. ತಳಿಯಿಂದ ತಳಿಗೆ ಇಷ್ಟು ಅಂತರ.

ನೆಂಟರೋ, ಮನೆಯವರೋ

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಜೊತೆಗಾರರು 2016ರಲ್ಲಿ ಹಾಕಿದ ಲೆಕ್ಕದಂತೆ ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಭಾರತದಲ್ಲಿ ಮಾರುವ 65 ಮಿಲಿಲೀಟರಿನ ಯಾಕುಲ್ಟ್ ಬಾಟಲಿಯಲ್ಲಿ 650 ಕೋಟಿ ಎಂದು ಬರೆದಿರುತ್ತದೆ. ಒಂದೂ ಸಾಯದೆ ತಲುಪಿದವು ಎಂದುಕೊಂಡರೂ ಒಳಗಿನ 5,800 ನಿವಾಸಿಗಳಿಗೆ ಹೊರಗಿನ ಒಂದು. ಜಾತ್ರೆಯ ಗದ್ದಲದ ನಡುವೆ ಒಂಟಿ ಪರಸ್ಥಳದವ ಹೊಕ್ಕಂತೆ.

ಜಾಗವೂ ಖಾಲಿಯಿಲ್ಲ. ಪ್ರತಿಯೊಂದು ಸಕ್ಕರೆಗೂ, ಕಬ್ಬಿಣದ ಪ್ರತಿ ಕಣಕ್ಕೂ ಅಲ್ಲಿ ಹಳೆಯ ಹಕ್ಕುದಾರರಿದ್ದಾರೆ. ಕರುಳಿನ ಗೋಡೆಯನ್ನು ಹೊದ್ದಿರುವ ಲೋಳೆಯಲ್ಲಿ ದೊಡ್ಡ ಕರುಳಿನ ಕಡೆ ಎರಡು ಪದರಗಳಿವೆ. ಹೊರಪದರದಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ಗೋಡೆಗೆ ಅಂಟಿದ ಒಳಪದರಕ್ಕೆ ಅವುಗಳಿಗೆ ಪ್ರವೇಶವೇ ಇಲ್ಲ ಎಂಬುದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಹೊರಪದರದಲ್ಲಿ ಹಿಡಿತ ಸಿಗಲು ಕೊಕ್ಕೆ ಬೇಕು. ರ‍್ಯಾಮ್ನೋಸಸ್ ಜಿಜಿ ತಳಿಯ ಮೈಮೇಲೆ ಕೂದಲಿನಂತಹ ಎಳೆಗಳಿದ್ದು, ಅವುಗಳ ತುದಿಯ ಪ್ರೊಟೀನು ಲೋಳೆಗೆ ಅಂಟಿಕೊಳ್ಳುತ್ತದೆ ಎಂದು ಫಿನ್ಲೆಂಡಿನ ತಂಡ 2009ರಲ್ಲಿ ಕಂಡುಕೊಂಡಿತು. ಹೀಗಿದ್ದೂ ಸೇವನೆ ನಿಂತ ಒಂದೆರಡು ವಾರಗಳಲ್ಲಿ ಸಾಮಾನ್ಯವಾಗಿ ತಳಿ ಮಲದಿಂದ ಮರೆಯಾಗುತ್ತದೆ.

ಇದಕ್ಕೆ ಅಪವಾದಗಳಿವೆ. 2016ರ ಒಂದು ಅಧ್ಯಯನದಲ್ಲಿ ಬಿಫಿಡೊಬ್ಯಾಕ್ಟೀರಿಯಂ ಲಾಂಗಮ್‌ನ ಒಂದು ತಳಿ, ಅದನ್ನು ಎರಡು ವಾರ ಸೇವಿಸಿದವರಲ್ಲಿ ನೂರಕ್ಕೆ 30 ಮಂದಿಯ ಕರುಳಿನಲ್ಲಿ ಕನಿಷ್ಠ ಆರು ತಿಂಗಳು ಉಳಿಯಿತು. ಉಳಿದದ್ದು ಯಾರಲ್ಲಿ ಎಂದು ನೋಡಿದರೆ, ಯಾರ ಕರುಳಿನಲ್ಲಿ ಅದೇ ಜಾತಿ ಮೊದಲಿನಿಂದ ಕಡಿಮೆಯಿತ್ತೋ, ಅದು ಬಳಸುವ ಆಹಾರವನ್ನು ಬೇರೆಯವು ಬಳಸುತ್ತಿರಲಿಲ್ಲವೋ ಅವರಲ್ಲಿ. ಖಾಲಿ ಇದ್ದ ಕುರ್ಚಿಯಲ್ಲಿ ಅದು ಕುಳಿತಿತ್ತು. 2018ರಲ್ಲಿ ವೈಜ್‌ಮನ್ ಸಂಸ್ಥೆಯವರು ಇನ್ನೂ ಮುಂದೆ ಹೋದರು. ಆರೋಗ್ಯವಂತರಿಗೆ 11 ತಳಿಗಳ ಮಿಶ್ರಣ ಕೊಟ್ಟು, ಮಲವನ್ನಷ್ಟೇ ನೋಡದೆ ಎಂಡೋಸ್ಕೋಪ್ ಇಳಿಸಿ ಕರುಳಿನ ಲೋಳೆಯನ್ನೇ ಪರೀಕ್ಷಿಸಿದರು. ಎಲ್ಲರ ಮಲದಲ್ಲೂ ತಳಿಗಳು ಸಿಕ್ಕವು, ಲೋಳೆಯಲ್ಲಿ ನೆಲೆಯೂರಿದ್ದು ಮಾತ್ರ ಕೆಲವರಲ್ಲಿ. ಮಲದ ಪರೀಕ್ಷೆಯೊಂದನ್ನೇ ನೆಚ್ಚಿ ದಶಕಗಳ ಕಾಲ ಬರೆದ ತೀರ್ಮಾನಗಳನ್ನು ಮತ್ತೆ ಓದಬೇಕೆನಿಸುವುದು ಇಲ್ಲಿ.

ದೊಡ್ಡ ಕರುಳಿನಲ್ಲಿ ಕಳೆದುಹೋಗುವ ಈ ನೆಂಟರು ಸಣ್ಣ ಕರುಳಿನಲ್ಲಿ ಹಾಗಲ್ಲ. ಅಲ್ಲಿಯ ಮೇಲ್ಭಾಗದಲ್ಲಿ ಮಿಲಿಲೀಟರಿಗೆ ಕೆಲವು ಸಾವಿರ ಬ್ಯಾಕ್ಟೀರಿಯಾ ಮಾತ್ರ ಇರುತ್ತವೆ. ನೂರಾರು ಕೋಟಿಯ ಗುಂಪು ಹಾದುಹೋಗುವ ಆ ಕೆಲವು ಗಂಟೆಗಳಲ್ಲಿ ಅವುಗಳದೇ ಬಹುಮತ. ರೋಗನಿರೋಧಕ ಕೋಶಗಳು ದಟ್ಟವಾಗಿರುವ ಜಾಗವೂ ಅದೇ. ನೆಲೆಸದೆ ಕೇವಲ ಹಾದುಹೋಗುವ ಜೀವಿಗಳು ಪರಿಣಾಮ ಬೀರುವುದು ಹೇಗೆ ಎಂಬುದಕ್ಕೆ ಇದು ನನಗೆ ಅತ್ಯಂತ ಒಪ್ಪುವ ವಿವರಣೆ.

ಕಾರ್ಯವಿಧಾನ

ಮೊದಲನೆಯದು ಹುಳಿ. ಲ್ಯಾಕ್ಟಿಕ್ ಮತ್ತು ಅಸೆಟಿಕ್ ಆಮ್ಲ ಸುತ್ತಲಿನ ಪಿಹೆಚ್ ಇಳಿಸಿ ಭೇದಿ ತರುವ ಅನೇಕ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತವೆ. 2011ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದಂತೆ, ಬಿಫಿಡೊಬ್ಯಾಕ್ಟೀರಿಯಾ ಹೊರಸೂಸುವ ಅಸಿಟೇಟ್ ಕರುಳಿನ ಗೋಡೆಯ ಕೋಶಗಳನ್ನು ಬಲಪಡಿಸಿ, ಇ. ಕೋಲಿ ಒ157ರ ವಿಷ ರಕ್ತಕ್ಕೆ ಸೋರದಂತೆ ತಡೆಯಿತು. ಎರಡನೆಯದು ನೇರ ಆಯುಧ, ಬ್ಯಾಕ್ಟೀರಿಯೊಸಿನ್ ಎಂಬ ಸಣ್ಣ ಪ್ರೊಟೀನುಗಳು. ಐರ್ಲೆಂಡಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬಳಗದ ಸ್ಯಾಲಿವೇರಿಯಸ್‌ನ ಒಂದು ತಳಿ ಇಲಿಗಳನ್ನು ಲಿಸ್ಟೀರಿಯಾ ಸೋಂಕಿನಿಂದ ಕಾಪಾಡಿತು. ಬ್ಯಾಕ್ಟೀರಿಯೊಸಿನ್ ತಯಾರಿಸುವ ಜೀನನ್ನು ಕೆಡಿಸಿದ ಅದೇ ತಳಿ ಕಾಪಾಡಲಿಲ್ಲ. ಕಾರಣವನ್ನು ಇಷ್ಟು ಖಚಿತವಾಗಿ ಬೆರಳಿಟ್ಟು ತೋರಿಸಿದ ಪ್ರಯೋಗಗಳು ಈ ಕ್ಷೇತ್ರದಲ್ಲಿ ವಿರಳ. ನಿಸ್ಲೆಯ ಇ. ಕೋಲಿ ಕಬ್ಬಿಣವನ್ನು ಸೆಳೆದುಕೊಳ್ಳುವ ಅಣುಗಳನ್ನು ಸುತ್ತ ಎಸೆದು ರೋಗಕಾರಕಗಳನ್ನು ಹಸಿವಿಗೆ ಕೆಡವುತ್ತದೆ.

ಮೂರನೆಯದು ಕೈಬದಲಿ ಊಟ. ದೊಡ್ಡ ಕರುಳಿನ ಗೋಡೆಯ ಕೋಶಗಳು ತಮ್ಮ ಶಕ್ತಿಯ ಬಹುಪಾಲನ್ನು ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲದಿಂದ ಪಡೆಯುತ್ತವೆ. ಬಿಫಿಡೊಬ್ಯಾಕ್ಟೀರಿಯಾ ಆಗಲಿ ಲ್ಯಾಕ್ಟೋಬ್ಯಾಸಿಲಸ್ ಆಗಲಿ ಬ್ಯುಟಿರೇಟ್ ತಯಾರಿಸುವುದಿಲ್ಲ. ಅವು ನಾರನ್ನು ಒಡೆದು ಅಸಿಟೇಟ್ ಮತ್ತು ಲ್ಯಾಕ್ಟೇಟ್ ಬಿಡುತ್ತವೆ. ಅದನ್ನುಂಡು ಫೀಕಲಿಬ್ಯಾಕ್ಟೀರಿಯಂ, ಅನೆರೊಸ್ಟಿಪಿಸ್ ಮುಂತಾದ ನಿವಾಸಿಗಳು ಬ್ಯುಟಿರೇಟ್ ಕಟ್ಟುತ್ತವೆ. ನಾರೇ ಇಲ್ಲದ ಊಟದ ಜೊತೆ ದುಬಾರಿ ಕ್ಯಾಪ್ಸೂಲ್ ನುಂಗುವುದು ಒಲೆಯಲ್ಲಿ ಸೌದೆಯಿಡದೆ ಊದುಗೊಳವೆ ಊದಿದಂತೆ.

ನಾಲ್ಕನೆಯದು ಗೋಡೆ ಮತ್ತು ಕಾವಲು. ಕರುಳಿನ ಒಳಮೈ ಒಂದೇ ಒಂದು ಕೋಶದಷ್ಟು ದಪ್ಪ. ಕೋಶಕ್ಕೂ ಕೋಶಕ್ಕೂ ನಡುವಿನ ಬಿಗಿ ಹೊಲಿಗೆ ಸಡಿಲವಾದರೆ ವಿಷಗಳು ಒಳನುಸುಳುತ್ತವೆ. ರ‍್ಯಾಮ್ನೋಸಸ್ ಜಿಜಿ ಹೊರಹಾಕುವ ಪಿ40 ಎಂಬ ಪ್ರೊಟೀನು ಗೋಡೆಯ ಕೋಶದ ಬೆಳವಣಿಗೆಯ ಗ್ರಾಹಕವನ್ನು ಎಚ್ಚರಿಸಿ, ಕೋಶ ಸಾಯದಂತೆಯೂ ಹೊಲಿಗೆ ಬಿಗಿಯಾಗಿರುವಂತೆಯೂ ನೋಡಿಕೊಳ್ಳುತ್ತದೆ. ಗೋಡೆಯ ಹಿಂದೆ ಕಾದಿರುವ ಡೆಂಡ್ರೈಟಿಕ್ ಕೋಶಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕುಗಳನ್ನು ಮುಟ್ಟಿ ನೋಡಿ, ಉರಿಯೂತ ಎಬ್ಬಿಸಬೇಕೇ ಶಾಂತವಾಗಿರಬೇಕೇ ಎಂಬ ಸಂದೇಶ ಕಳಿಸುತ್ತವೆ. ಲೋಳೆಗೆ ಸುರಿಯುವ ಐಜಿಎ ಪ್ರತಿಕಾಯದ ಪ್ರಮಾಣವೂ ಇದರಿಂದ ಬದಲಾಗಬಹುದು.

ಇನ್ನು ಮೊಸರಿನ ಕಥೆ. ಮೊಸರು ಕಟ್ಟುವ ಬಲ್ಗೇರಿಕಸ್ ಮತ್ತು ಥರ್ಮೊಫಿಲಸ್ ಪಿತ್ತರಸಕ್ಕೆ ಸುಲಭವಾಗಿ ತುತ್ತಾಗುತ್ತವೆ. ರೆಟ್ಗರ್ ಕಂಡದ್ದು ಅದನ್ನೇ. ಆದರೆ 1984ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಹಾಲು ಅರಗದವರಿಗೂ ಮೊಸರು ಅರಗುವುದಕ್ಕೆ ಕಾರಣ ತೋರಿಸಿತು. ಈ ಬ್ಯಾಕ್ಟೀರಿಯಾದ ಹೊಟ್ಟೆಯೊಳಗೆ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವಿದೆ. ಗಟ್ಟಿ ಮೊಸರು ಜಠರದ ಆಮ್ಲವನ್ನು ಮಂದ ಮಾಡಿ ಅದನ್ನು ಕಾಪಾಡುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತರಸ ಬ್ಯಾಕ್ಟೀರಿಯಾದ ಪೊರೆಯನ್ನು ತೂತುಮಾಡಿದಾಗ ಕಿಣ್ವ ಹೊರಚೆಲ್ಲಿ, ಬೇಕಾದ ಜಾಗದಲ್ಲೇ ಕೆಲಸ ಶುರುಮಾಡುತ್ತದೆ. ಅಂದರೆ ಇಲ್ಲಿ ಉಪಕಾರವಾಗುವುದು ಬ್ಯಾಕ್ಟೀರಿಯಾ ಸಾಯುವುದರಿಂದಲೇ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರೋಬಯಾಟಿಕ್‌ಗಳ ಪರವಾಗಿ ಬಂದ ನೂರಾರು ಹೇಳಿಕೆಗಳನ್ನು ತಳ್ಳಿಹಾಕಿಯೂ, ಮೊಸರಿನ ಈ ಗುಣವನ್ನು 2010ರಲ್ಲಿ ಒಪ್ಪಿಕೊಂಡಿತು.

ಒಡಿಶಾದ ಶಿಶುಗಳು

ಪ್ರೋಬಯಾಟಿಕ್ ಕುರಿತ ಮಾನವ ಪರೀಕ್ಷೆಗಳಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಒಡಿಶಾದ ಹಳ್ಳಿಗಳಲ್ಲಿ ನಡೆದದ್ದು. ನವಜಾತ ಶಿಶುವಿನ ಕರುಳು ಹುಟ್ಟಿದಾಗ ಬಹುಮಟ್ಟಿಗೆ ಖಾಲಿ. ಮೊದಲು ಬಂದವರಿಗೆ ಜಾಗ. ಕೆಟ್ಟ ಬ್ಯಾಕ್ಟೀರಿಯಾ ಮೊದಲು ನೆಲೆಯೂರಿ, ಇನ್ನೂ ಬಲಿಯದ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿದರೆ ಅದೇ ಸೆಪ್ಸಿಸ್, ರಕ್ತನಂಜು. ಬಡ ದೇಶಗಳಲ್ಲಿ ಎಳೆಗೂಸುಗಳನ್ನು ಕೊಲ್ಲುವ ಮುಖ್ಯ ಕಾರಣಗಳಲ್ಲೊಂದು.

ಈ ಪರೀಕ್ಷೆ ನಡೆಸಿದ ಪಿನಾಕಿ ಪಾಣಿಗ್ರಾಹಿ ಮತ್ತು ಅವರ ತಂಡ ಅನೇಕ ತಳಿಗಳನ್ನು ಪರೀಕ್ಷಿಸಿ, ಶಿಶುವಿನ ಕರುಳಿಗೆ ಚೆನ್ನಾಗಿ ಅಂಟಿಕೊಂಡು ದೀರ್ಘಕಾಲ ಉಳಿಯುವ ಪ್ಲಾಂಟರಮ್ ತಳಿಯೊಂದನ್ನು ಆರಿಸಿತು. ಅದಕ್ಕೆ ಆಹಾರವಾಗಿ ಫ್ರುಕ್ಟೊ-ಆಲಿಗೊಸ್ಯಾಕರೈಡ್ ಎಂಬ ಸಕ್ಕರೆಯ ಸರಪಳಿಯನ್ನು ಬೆರೆಸಿತು. 149 ಹಳ್ಳಿಗಳ 4,556 ಶಿಶುಗಳು ಭಾಗವಹಿಸಿದವು. ಎಲ್ಲವೂ ತಕ್ಕಮಟ್ಟಿಗೆ ತೂಕವಿದ್ದ, ತಾಯಿಹಾಲು ಕುಡಿಯುತ್ತಿದ್ದ ಕೂಸುಗಳು. ಹುಟ್ಟಿದ ಮೊದಲ ದಿನಗಳಲ್ಲಿ ಶುರುಮಾಡಿ ಏಳು ದಿನ ಮಾತ್ರ ಬಾಯಿಗೆ ಹಾಕಲಾಯಿತು. ಅರ್ಧದಷ್ಟು ಶಿಶುಗಳಿಗೆ ಬ್ಯಾಕ್ಟೀರಿಯಾ ಇಲ್ಲದ ಹುಸಿಮದ್ದು. ಎರಡು ತಿಂಗಳು ಕಾದು ನೋಡಿದಾಗ ಹುಸಿಮದ್ದು ಪಡೆದವರಲ್ಲಿ ನೂರಕ್ಕೆ 9ರಷ್ಟು ಮಕ್ಕಳಿಗೆ ಸೆಪ್ಸಿಸ್ ಅಥವಾ ಸಾವು ಸಂಭವಿಸಿತ್ತು, ಪ್ಲಾಂಟರಮ್ ಪಡೆದವರಲ್ಲಿ 5.4. ಫಲಿತಾಂಶ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಉಸಿರಾಟದ ಸೋಂಕುಗಳೂ ಕಡಿಮೆಯಾಗಿದ್ದವು. ಕರುಳಿನ ಬ್ಯಾಕ್ಟೀರಿಯಾ ಶ್ವಾಸಕೋಶವನ್ನು ಕಾಪಾಡಿದ್ದರ ಹಿಂದೆ ಇಡೀ ದೇಹದ ರೋಗನಿರೋಧಕ ಶಕ್ತಿಯೇ ತಿದ್ದಿಕೊಂಡಿರುವ ಸೂಚನೆಯಿದೆ.

ಈ ಗೆಲುವಿನ ಗುಟ್ಟು ಸಮಯದಲ್ಲಿದೆ. ವಯಸ್ಕರ ತುಂಬಿದ ಕರುಳಿನಲ್ಲಿ ಬಹುಮಟ್ಟಿಗೆ ಅಸಾಧ್ಯವಾದುದು ಖಾಲಿ ಕರುಳಿನಲ್ಲಿ ಏಳು ದಿನಗಳಲ್ಲಿ ಸಾಧ್ಯವಾಯಿತು. ಎದೆಹಾಲು ಲಕ್ಷಾಂತರ ವರ್ಷಗಳಿಂದ ಮಾಡುತ್ತಿರುವುದೂ ಇದನ್ನೇ. ಮಗು ಅರಗಿಸಿಕೊಳ್ಳಲಾಗದ ಆಲಿಗೊಸ್ಯಾಕರೈಡುಗಳು ತಾಯಿಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಮೂರನೆಯ ದೊಡ್ಡ ಘನಾಂಶ. ಅವು ಮಗುವಿಗಾಗಿ ಅಲ್ಲ, ಅದರ ಕರುಳಿನಲ್ಲಿರುವ ಬಿಫಿಡೊಬ್ಯಾಕ್ಟೀರಿಯಾಕ್ಕಾಗಿ ಇರುವ ಊಟ.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ಪರಿಣಾಮ ಸಣ್ಣದು. ಕೋಲ್ಕತ್ತದ ಕೊಳೆಗೇರಿಯೊಂದರ 3,758 ಮಕ್ಕಳಿಗೆ ಶಿರೋಟ ತಳಿಯನ್ನು 12 ವಾರ ಕುಡಿಸಿದ ಪರೀಕ್ಷೆಯಲ್ಲಿ ಭೇದಿ ನೂರಕ್ಕೆ 14ರಷ್ಟು ಕಡಿಮೆಯಾಯಿತು. ಭೇದಿಯಿಂದ ಬಳಲುವ ಊರಿನಲ್ಲಿ ಇದೂ ಬೆಲೆಯುಳ್ಳದ್ದೇ, ಶುದ್ಧ ನೀರಿಗೆ ಬದಲಿಯಂತೂ ಅಲ್ಲ.

ಮಿತಿ ಮತ್ತು ಅಪಾಯ

ಅಮೆರಿಕ ಮತ್ತು ಕೆನಡಾಗಳಲ್ಲಿ ವಾಂತಿಭೇದಿಯಿಂದ ಆಸ್ಪತ್ರೆಗೆ ಬಂದ ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳು 2018ರಲ್ಲಿ ಒಟ್ಟಿಗೆ ಪ್ರಕಟವಾದವು. ಒಂದರಲ್ಲಿ 971, ಇನ್ನೊಂದರಲ್ಲಿ 886 ಮಕ್ಕಳು. ಲ್ಯಾಕ್ಟೋಬ್ಯಾಸಿಲಸ್ ತಳಿಗಳು ಹುಸಿಮದ್ದಿಗಿಂತ ಮೇಲೆಂದು ತೋರಲಿಲ್ಲ. ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಕೊಡುವುದನ್ನು ಬಿಟ್ಟು ಪ್ರೋಬಯಾಟಿಕ್ ಸ್ಯಾಷೆಯನ್ನೇ ನಂಬುವ ಪೋಷಕರು ಇದನ್ನು ಅವಶ್ಯ ತಿಳಿದಿರಬೇಕು.

ಆಂಟಿಬಯಾಟಿಕ್ ಸೇವನೆಯಿಂದ ಬರುವ ಭೇದಿಯನ್ನು ತಡೆಯುವುದರಲ್ಲಿ ಕೆಲವು ತಳಿಗಳಿಗೆ ಒಳ್ಳೆಯ ಆಧಾರವಿದೆ. ಆಂಟಿಬಯಾಟಿಕ್ ಕೊಲ್ಲಲಾಗದ ಯೀಸ್ಟಿಗೆ ಅಲ್ಲಿ ಸಹಜ ಅನುಕೂಲ. ಅದೇ ವೇಳೆ ವೈಜ್‌ಮನ್ ಸಂಸ್ಥೆಯ 2018ರ ಇನ್ನೊಂದು ಅಧ್ಯಯನದಲ್ಲಿ, ಆಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ಮಿಶ್ರಣ ಪಡೆದವರ ಕರುಳಿಗೆ ಹಳೆಯ ನಿವಾಸಿಗಳು ಮರಳಿದ್ದು ಏನೂ ಪಡೆಯದವರಿಗಿಂತ ತಡವಾಗಿ. ಭೇದಿ ತಡೆಯುವುದೂ ಹಳೆಯ ಸಮುದಾಯವನ್ನು ಮರಳಿ ಕಟ್ಟುವುದೂ ಬೇರೆ ಬೇರೆ ಕೆಲಸಗಳು.

ತೀವ್ರ ಕಾಯಿಲೆಯವರಿಗೆ ಅಪಾಯ ನಿಜ. ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ನರಳುತ್ತಿದ್ದ 298 ರೋಗಿಗಳ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂದಾಗ ವೈದ್ಯಲೋಕ ಬೆಚ್ಚಿತು. ಪ್ರೋಬಯಾಟಿಕ್ ಪಡೆದವರಲ್ಲಿ ನೂರಕ್ಕೆ 16 ಮಂದಿ ತೀರಿಕೊಂಡಿದ್ದರು, ಪಡೆಯದವರಲ್ಲಿ 6. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ, ದಿನ ತುಂಬದೆ ಹುಟ್ಟಿದ ಶಿಶುವೊಂದು ಪ್ರೋಬಯಾಟಿಕ್ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಸಾವಿಗೀಡಾದ ಬಳಿಕ ಎಚ್ಚರಿಕೆ ನೀಡಿತು. ರಕ್ತನಾಳಕ್ಕೆ ಕೊಳವೆ ಹಾಕಿದ ರೋಗಿಯ ಪಕ್ಕದಲ್ಲಿ ಯೀಸ್ಟಿನ ಪುಡಿಯ ಪೊಟ್ಟಣ ಒಡೆಯುವುದೂ ಸೋಂಕಿಗೆ ದಾರಿಯಾಗಬಹುದು.

ನಮ್ಮ ಅಡುಗೆಮನೆಯ ಹುದುಗು

ಕರ್ನಾಟಕದ ಮನೆಗಳಲ್ಲಿ ಹೆಪ್ಪು ಹಾಕಿದ ಮೊಸರು, ಹುಳಿ ಅಂಬಲಿ, ಇಡ್ಲಿ ದೋಸೆಯ ಹಿಟ್ಟು ಎಲ್ಲವೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಕೆಲಸವೇ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್‌ನ ಪಾತ್ರ ಮುಖ್ಯ ಎಂಬುದು 1960ರ ದಶಕದಿಂದ ತಿಳಿದಿದೆ. ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಅದು ಬದುಕಿರುವುದಿಲ್ಲ, ಕುದಿಸಿದ ಮಜ್ಜಿಗೆಹುಳಿಯಲ್ಲೂ ಅಷ್ಟೆ. ತಣ್ಣನೆಯ ಮಜ್ಜಿಗೆಯಲ್ಲಿ, ಆರಿದ ಅನ್ನಕ್ಕೆ ಕಲಸಿದ ಮೊಸರಿನಲ್ಲಿ ಬದುಕಿರುತ್ತದೆ. ಗ್ರಹಣಿಯಂತಹ ಕರುಳಿನ ಬೇನೆಗೆ ಆಯುರ್ವೇದ ತಕ್ರವನ್ನು, ಅಂದರೆ ಮಜ್ಜಿಗೆಯನ್ನು, ಹೇಳಿದ್ದು ಅನುಭವದ ಮಾತು.

ಹಾಗೆಂದು ಮನೆಯ ಮೊಸರನ್ನು ಪ್ರೋಬಯಾಟಿಕ್ ಎನ್ನಲಾಗದು. ಹೆಪ್ಪಿನಿಂದ ಹೆಪ್ಪಿಗೆ, ಮನೆಯಿಂದ ಮನೆಗೆ, ಚಳಿಯಿಂದ ಸೆಕೆಗೆ ಅದರೊಳಗಿನ ತಳಿಗಳು ಬದಲಾಗುತ್ತವೆ, ಎಣಿಕೆಯೂ ಬದಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ ಕುಲ, ಪ್ರಭೇದದ ಜೊತೆ ತಳಿಯ ಗುರುತನ್ನೂ ಕೇಳುತ್ತದೆ. ಪ್ಲಾಂಟರಮ್ ಎಂದಷ್ಟೇ ಬರೆದ ಡಬ್ಬಿಯೊಳಗೆ ಒಡಿಶಾದ ಶಿಶುಗಳನ್ನು ಕಾಪಾಡಿದ ತಳಿ ಇದೆ ಎಂದು ಭಾವಿಸಲು ಯಾವ ಕಾರಣವೂ ಇಲ್ಲ. ಪ್ರಭೇದದ ಹೆಸರಿನ ಮುಂದಿರುವ ಆ ಅಕ್ಷರ, ಅಂಕೆಗಳಲ್ಲೇ ಎಲ್ಲ ಇದೆ. ಮನೆಯ ಮೊಸರು ಒಳ್ಳೆಯ ಆಹಾರ. ಅದಕ್ಕೆ ಔಷಧದ ಪಟ್ಟ ಬೇಕಾಗಿಯೂ ಇಲ್ಲ.

ಸತ್ತ ಬ್ಯಾಕ್ಟೀರಿಯಾದ ಸರದಿ

ಜೀವಂತವಾಗಿರಬೇಕು ಎಂಬ ಮೊದಲ ಷರತ್ತಿನ ಆಚೆಗೂ ಈಗ ಸಂಶೋಧನೆ ಸಾಗಿದೆ. ಅಕರ್ಮಾನ್ಸಿಯಾ ಮ್ಯುಸಿನಿಫಿಲಾ ಎಂಬುದು ಕರುಳಿನ ಲೋಳೆಯನ್ನೇ ಉಂಡು ಬದುಕುವ ನಿವಾಸಿ. ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಅದರ ಸಂಖ್ಯೆ ಕಡಿಮೆಯಿರುವುದು ಕಂಡುಬಂದಿದೆ. ಬೆಲ್ಜಿಯಂನ ವಿಜ್ಞಾನಿಗಳು ಅದನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ ಕೊಂದು ಇಲಿಗಳಿಗೆ ಕೊಟ್ಟಾಗ, ಜೀವಂತವಾಗಿದ್ದುದಕ್ಕಿಂತ ಹೆಚ್ಚಿನ ಪರಿಣಾಮ ಕಂಡಿತು. 2019ರಲ್ಲಿ 32 ಮಂದಿಯ ಮೇಲೆ ನಡೆದ ಸಣ್ಣ ಪರೀಕ್ಷೆಯಲ್ಲೂ ಕಾಯಿಸಿದ ಬ್ಯಾಕ್ಟೀರಿಯಾವೇ ಇನ್ಸುಲಿನ್‌ಗೆ ದೇಹದ ಸ್ಪಂದನೆಯನ್ನು ಸುಧಾರಿಸಿತು. ಅದರ ಹೊರಪೊರೆಯಲ್ಲಿರುವ ಒಂದು ಪ್ರೊಟೀನು ಆ ಬಿಸಿಗೆ ಕೆಡದೆ ಉಳಿದು, ಕರುಳಿನ ಗೋಡೆಯ ಗ್ರಾಹಕವನ್ನು ಮುಟ್ಟುತ್ತದೆ. ಇಂಥ ನಿರ್ಜೀವ ಬ್ಯಾಕ್ಟೀರಿಯಾಕ್ಕೆ ಮತ್ತು ಅವುಗಳ ತುಣುಕುಗಳಿಗೆ ಪೋಸ್ಟ್‌ಬಯಾಟಿಕ್ ಎಂಬ ಹೆಸರು 2021ರಲ್ಲಿ ಗಟ್ಟಿಯಾಯಿತು. ಅವುಗಳಿಗೆ ಫ್ರಿಜ್ ಬೇಡ, ಜಠರದ ಆಮ್ಲದ ಅಂಜಿಕೆಯಿಲ್ಲ, ದಿನ ತುಂಬದ ಶಿಶುವಿನ ರಕ್ತದಲ್ಲಿ ಬೆಳೆಯಲಾರವು.